ಸನ್ ಫಿಲ್ಮ್ ಹಾಕಿದ ಕಾರಿನ ಗಾಜು: ಒಳಗಡೆ ಮಸುಕು ಹೋಗ್ತಿಲ್ಲ, ಫಿಲ್ಮೂ ಹಾಳಾಗಬಾರದು

ಹಿಂಬದಿ_ಸೀಟು

ನಾಲ್ಕು ಬಾಗಿಲಿನ ಗಾಜಿಗೂ ಹಿಂದಿನ ದೊಡ್ಡ ಗಾಜಿಗೂ ಒಳಮೈಯಲ್ಲಿ ಸನ್ ಫಿಲ್ಮ್ ಇದೆ. ಹಗಲು ಹೊತ್ತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ರಾತ್ರಿ ಹೆಡ್‌ಲೈಟ್ ಬೆಳಕು ಬಿತ್ತೋ, ಗಾಜಿನ ತುಂಬ ಹಾಲು ಬಳಿದ ಹಾಗೆ ಮಸುಕು, ಅದರ ಮೇಲೆ ಬೆರಳಿನ ಗುರುತುಗಳು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಸುಕು ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ. ಒಣಗಿದ ಮೇಲೆ ಅರ್ಧಚಂದ್ರದಂಥ ಗೆರೆಗಳು.

ಕೇಳಬೇಕಾದ್ದು ಇಷ್ಟು. ಮನೆಯ ಕನ್ನಡಿಗೆ ಬಳಸುವ ನೀಲಿ ಗ್ಲಾಸ್ ಕ್ಲೀನರ್ ಫಿಲ್ಮ್ ಮೇಲೆ ಆಗುತ್ತದಾ? ಒಬ್ಬರು ಬೇಡವೇ ಬೇಡ ಅಂತಾರೆ, ಇನ್ನೊಬ್ಬರು ಏನೂ ಆಗಲ್ಲ ಅಂತಾರೆ. ನ್ಯೂಸ್ ಪೇಪರ್ ಉಜ್ಜಿದರೆ ಗೆರೆ ಉಳಿಯುವುದಿಲ್ಲ ಅನ್ನುವುದು ನಿಜವಾ? ಹಿಂದಿನ ಗಾಜಿನಲ್ಲಿ ಡಿಫಾಗರ್ ಗೆರೆಗಳಿವೆ (ಗಾಜು ಬಿಸಿ ಮಾಡಿ ಮಂಜು ಕಳೆಯುವಂಥವು), ಅಲ್ಲಿ ಎಷ್ಟು ಒತ್ತಬಹುದು? ಅದೇ ಗಾಜಿನ ಮೇಲಂಚಿಗೆ ಒಂದು ಬಿಳಿ ಪಟ್ಟಿ ಬೇರೆ ಇದೆ, ಎಷ್ಟು ಒರೆಸಿದರೂ ಜಪ್ಪಯ್ಯ ಅನ್ನುವುದಿಲ್ಲ.

ಫಿಲ್ಮ್_ಕೈ

ನೀವು ಒರೆಸುತ್ತಿರುವುದು ಗಾಜನ್ನಲ್ಲ, ಪ್ಲಾಸ್ಟಿಕ್ಕನ್ನು. ಇದೊಂದು ತಲೆಯಲ್ಲಿ ಕೂತರೆ ಅರ್ಧ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಸನ್ ಫಿಲ್ಮ್ ಅಂದರೆ ಪಾಲಿಯೆಸ್ಟರ್ ಹಾಳೆ, ನೀರಿನ ಬಾಟಲಿಯ ಜಾತಿಯದೇ. ದಪ್ಪ ಸುಮಾರು 40ರಿಂದ 50 ಮೈಕ್ರಾನ್. ಗಾಜಿನ ಕಡೆಗೆ ಅಂಟು. ಬಿಸಿಲು ತಡೆಯಲು ಬಣ್ಣವೋ ಲೋಹವೋ ಕಾರ್ಬನ್ನೋ ಸೆರಾಮಿಕ್ಕೋ. ನಿಮ್ಮ ಕೈ ತಾಗುವ ಮೈಗೆ ಗೀರು ತಡೆಯಲೆಂದು ಕೆಲವೇ ಮೈಕ್ರಾನಿನ ಹಾರ್ಡ್ ಕೋಟ್. ಮೆತ್ತನೆ ಬಟ್ಟೆಗೆ ಆ ಕೋಟ್ ಜಗ್ಗುವುದಿಲ್ಲ, ಮರಳಿನ ಕಣಕ್ಕೆ ಜಗ್ಗುತ್ತದೆ. ಗಾಜಿನ ಗೀರನ್ನು ಪಾಲಿಶ್ ಮಾಡಿ ಕಡಿಮೆ ಮಾಡುವವರಿದ್ದಾರೆ. ಫಿಲ್ಮಿನ ಗೀರಿಗೆ ಆ ದಾರಿ ಇಲ್ಲ, ಹಾಳೆಯನ್ನೇ ಬದಲಿಸಬೇಕು.

ಅದಕ್ಕೂ ಮುಂಚೆ, ನಿಮ್ಮದು ನಿಜಕ್ಕೂ ಫಿಲ್ಮೇನಾ ಅಂತ ಖಚಿತ ಮಾಡಿಕೊಳ್ಳಿ. ಕೆಲವು ಕಾರುಗಳ ಹಿಂಬದಿ ಗಾಜುಗಳು ಫ್ಯಾಕ್ಟರಿಯಿಂದಲೇ ಕಪ್ಪಾಗಿ ಬಂದಿರುತ್ತವೆ. ಅಲ್ಲಿ ಬಣ್ಣ ಗಾಜಿನ ಒಳಗೇ ಇರುತ್ತದೆ, ಮೇಲೆ ಹಾಳೆ ಇರುವುದಿಲ್ಲ. ಬಾಗಿಲಿನ ಗ್ಲಾಸನ್ನು ಎರಡು ಬೆರಳಷ್ಟು ಇಳಿಸಿ ಮೇಲಂಚು ನೋಡಿ. ಅಂಚಿನಿಂದ ಒಂದೆರಡು ಮಿಲಿಮೀಟರ್ ಕೆಳಗೆ ಕಪ್ಪು ನಿಂತು, ಅಲ್ಲಿಂದ ಮೇಲೆ ತಿಳಿ ಗಾಜು ಕಂಡರೆ ಫಿಲ್ಮ್. ಅಂಚಿನ ತನಕ ಒಂದೇ ಬಣ್ಣವಿದ್ದು, ಗಾಜಿನ ದಪ್ಪದಲ್ಲೂ ಅದೇ ಛಾಯೆ ಇದ್ದರೆ ಬಣ್ಣದ ಗಾಜು. ಅದನ್ನು ಮಾಮೂಲಿ ಗಾಜಿನಂತೆಯೇ ಒರೆಸಬಹುದು. ಕಪ್ಪು ಗಾಜಿನ ಮೇಲೂ ಫಿಲ್ಮ್ ಹಾಕಿಸುವವರಿದ್ದಾರೆ, ಹಾಗಾಗಿ ಒಂದು ಗಾಜು ನೋಡಿ ಎಲ್ಲಕ್ಕೂ ತೀರ್ಮಾನ ಮಾಡಬೇಡಿ.

ಇನ್ನು ನೀಲಿ ಕ್ಲೀನರ್. ಬಣ್ಣ ನೋಡಬೇಡಿ, ಬಾಟಲಿಯ ಹಿಂದೆ ಬರೆದಿರುವುದನ್ನು ಓದಿ. ಅಮೋನಿಯಾ ಅಥವಾ ಅಮೋನಿಯಂ ಹೈಡ್ರಾಕ್ಸೈಡ್ ಅಂತ ಇದ್ದರೆ ಫಿಲ್ಮ್ ಹತ್ತಿರ ತರಬೇಡಿ. ನೀಲಿ ಬಾಟಲಿಯಲ್ಲೂ ಅಮೋನಿಯಾ ಇಲ್ಲದವು ಬರುತ್ತವೆ, ಬಣ್ಣವಿಲ್ಲದ್ದರಲ್ಲೂ ಇರುವುದುಂಟು. ಅದರಲ್ಲಿ ಏನು ಹಾಕಿದ್ದಾರೆ ಅಂತಲೇ ಬರೆದಿಲ್ಲವಾದರೆ, ಮೂಗಿಗೆ ಕಟುವಾಗಿ ಹೊಡೆಯುವಂಥದ್ದನ್ನು ಬಿಟ್ಟುಬಿಡಿ.

ಏನೂ ಆಗಲ್ಲ ಅನ್ನುವವರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಒಂದು ಸಲ ಒರೆಸಿದ ತಕ್ಷಣ ಫಿಲ್ಮ್ ಕಿತ್ತು ಬರುವುದಿಲ್ಲ. ತೊಂದರೆ ನಿಧಾನ. ಅಂಚಿನಿಂದ, ಹಳೆಯ ಗೀರುಗಳಿಂದ ಒಳಗಿಳಿದು ಅಂಟನ್ನು ಸಡಿಲಿಸುತ್ತದೆ. ಬಣ್ಣ ಹಾಕಿದ ಅಗ್ಗದ ಫಿಲ್ಮಿನಲ್ಲಿ ಬಣ್ಣವೇ ಮಾಸುತ್ತದೆ, ಮೈ ಮಂಕಾಗುತ್ತದೆ. ಹಳೇ ಫಿಲ್ಮ್ ಕೀಳುವುದಕ್ಕೆ ಒಂದು ಹಳೆಯ ಪದ್ಧತಿ ಇದೆ: ಗಾಜಿಗೆ ಅಮೋನಿಯಾ ಸಿಂಪಡಿಸುವುದು, ಮೇಲೆ ಕಪ್ಪು ಪ್ಲಾಸ್ಟಿಕ್ ಹೊದಿಸುವುದು, ಕಾರನ್ನು ಬಿಸಿಲಿಗೆ ನಿಲ್ಲಿಸುವುದು. ಕೀಳುವುದಕ್ಕೆ ಬಳಸುವ ಔಷಧಿಯನ್ನೇ ವಾರ ವಾರ ಒರೆಸುವುದಕ್ಕೆ ಬಳಸಿದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಇಲ್ಲಿಯವರೆಗೆ ಒಂದೆರಡು ಸಲ ಬಳಸಿದ್ದೀರಾದರೆ ಗಾಬರಿ ಬೇಡ, ಬರೀ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒಮ್ಮೆ ಒರೆಸಿ ಅಲ್ಲಿಗೆ ನಿಲ್ಲಿಸಿ. ಮುಚ್ಚಿದ ಕಾರಿನೊಳಗೆ ಅದರ ಆವಿ ಕಣ್ಣಿಗೂ ಗಂಟಲಿಗೂ ಒಳ್ಳೆಯದಲ್ಲ, ಅದು ಬೇರೆ ಮಾತು.

ನ್ಯೂಸ್ ಪೇಪರ್ ಬರೀ ಗಾಜಿಗೆ ಹೇಳಿದ ಉಪಾಯ. ಅದು ಒರಟು, ಜೊತೆಗೆ ಶಾಯಿ ಬಾಗಿಲಿನ ರಬ್ಬರಿಗೂ ಸೀಟಿಗೂ ಹತ್ತುತ್ತದೆ. ಟಿಶ್ಯೂ ಪೇಪರ್ ಕೂಡ ಮರದ ನಾರೇ, ಮೆತ್ತಗಿದೆ ಅಂತ ಅದರಿಂದ ಗಟ್ಟಿಯಾಗಿ ಉಜ್ಜಬೇಡಿ. ಬ್ಲೇಡು, ಸ್ಟೀಲ್ ಉಲ್ಲನ್, ಪಾತ್ರೆ ತಿಕ್ಕುವ ಹಸಿರು ಪ್ಯಾಡ್, ಉಜ್ಜುವ ಪುಡಿ ಇವುಗಳ ಹೆಸರೇ ಎತ್ತಬೇಡಿ.

ಫಿಲ್ಮ್ ಹೊಸದಾ? ಹಾಕಿಸಿ 30 ದಿನ ಆಗುವವರೆಗೆ ಒಳಗಡೆ ಒರೆಸುವುದೇ ಬೇಡ. ಅಂಟಿಸುವಾಗ ಉಳಿದ ನೀರು ಹಾಳೆಯ ಮೂಲಕವೇ ಆರಬೇಕು. ಅಲ್ಲಿಯವರೆಗೆ ಸಣ್ಣ ನೀರಿನ ಗುಳ್ಳೆ, ಮೋಡ ಕವಿದಂಥ ಮಬ್ಬು ಕಾಣುವುದು ಸಹಜ, ಅದು ಕೊಳೆಯಲ್ಲ. ಚಳಿ, ಮಳೆಯ ದಿನಗಳಲ್ಲಿ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ.

ನಾಲ್ಕು_ಮಡಿಕೆ

ಮೇಲಿನವರು ಏನು ಮಾಡಬಾರದು ಅಂತ ಹೇಳಿದರು, ನಾನು ಮಾಡುವ ಕ್ರಮ ಹೇಳುತ್ತೇನೆ.

ನಿಮ್ಮ ಮಸುಕು ಜಾಗ ಬದಲಿಸುತ್ತದೆ ಅಂದಿರಲ್ಲ, ಅದು ಜಿಡ್ಡಿನ ಲಕ್ಷಣ. ಧೂಳಾಗಿದ್ದರೆ ಒದ್ದೆ ಬಟ್ಟೆಗೆ ಬಂದುಬಿಡುತ್ತಿತ್ತು. ಡ್ಯಾಶ್‌ಬೋರ್ಡು, ಬಾಗಿಲಿನ ಪ್ಯಾಡು, ಸೀಟಿನ ರೆಕ್ಸಿನ್ ಇವೆಲ್ಲ ಮೆದುವಾಗಿರಲೆಂದು ಸೇರಿಸಿದ ಎಣ್ಣೆಯಂಥ ವಸ್ತು ಬಿಸಿಲಿಗೆ ಆವಿಯಾಗಿ ಗಾಜಿನ ಮೇಲೆ ಕೂರುತ್ತದೆ. ಉಸಿರು, ಬೆವರಿನ ಕೈ, ಸಿಗರೇಟಿನ ಹೊಗೆ ಅದಕ್ಕೆ ಸೇರುತ್ತವೆ. ಡ್ಯಾಶ್‌ಬೋರ್ಡಿಗೆ ಮಿರಮಿರ ಮಿಂಚುವ ಸಿಲಿಕೋನ್ ಪಾಲಿಶ್ ಹಚ್ಚುವ ಅಭ್ಯಾಸವಿದ್ದರೆ ಮಸುಕು ಇನ್ನೂ ಬೇಗ ವಾಪಸ್ ಬರುತ್ತದೆ. ನೀರೊಂದರಿಂದ ಈ ಜಿಡ್ಡು ಹರಡುತ್ತದೆ ಅಷ್ಟೇ.

ಬಟ್ಟೆಗಳು: 40×40 ಸೆಂಟಿಮೀಟರಿನ ಮೈಕ್ರೋಫೈಬರ್ ಮೂರು. ಎರಡು ಮಾಮೂಲಿ, ಒಂದು ಗಾಜಿಗೆಂದೇ ಬರುವ ಸಣ್ಣ ಚೌಕಳಿ ನೇಯ್ಗೆಯದ್ದು ಅಥವಾ ಜುಂಗು ಇಲ್ಲದ ನುಣುಪಿನದ್ದು. ಅಂಚಿಗೆ ಹೊಲಿದ ಲೇಬಲ್ ಕತ್ತರಿಸಿ ತೆಗೆಯಿರಿ, ಗೀರು ಮಾಡುವುದು ಹೆಚ್ಚಾಗಿ ಅದೇ. ಇವನ್ನು ಒಗೆಯುವಾಗ ಹತ್ತಿ ಬಟ್ಟೆಯ ಜೊತೆ ಹಾಕಬೇಡಿ, ನೂಲು ಹತ್ತುತ್ತದೆ. ಫ್ಯಾಬ್ರಿಕ್ ಸಾಫ್ಟನರ್ ಹಾಕಲೇಬೇಡಿ. ಅದು ಎಳೆಗಳ ಮೇಲೆ ಮೇಣದಂತೆ ಕೂತು, ಆಮೇಲೆ ಗಾಜಿಗೆ ವರ್ಗವಾಗುತ್ತದೆ. ಎಷ್ಟು ಒರೆಸಿದರೂ ಗೆರೆ ಅನ್ನುವವರ ಬಟ್ಟೆ ನೋಡಿದರೆ ಬಹಳ ಸಲ ಕಾರಣ ಇದೇ.

ದ್ರಾವಣ ಎರಡು ಬಾಟಲಿ. ಮೊದಲನೆಯದರಲ್ಲಿ ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ನಾಲ್ಕು ಹನಿ ಬೇಬಿ ಶಾಂಪೂ. ಹನಿ ಅಂದರೆ ಹನಿಯೇ, ಚಮಚ ಅಲ್ಲ. ನೊರೆ ಏಳುವಷ್ಟು ಹಾಕಿದರೆ ಆ ನೊರೆ ತೆಗೆಯಲು ಇನ್ನೆರಡು ಸುತ್ತು ಒರೆಸಬೇಕಾಗುತ್ತದೆ. ಡಿಸ್ಟಿಲ್ಡ್ ವಾಟರ್ ಯಾಕೆ ಅಂದರೆ, ಗಡಸು ನೀರು ಆರಿದಲ್ಲಿ ಸುಣ್ಣದ ಕಲೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇದೆಯಲ್ಲ, ಅದೇ ಸಾಕು. ಬ್ಯಾಟರಿ ಆಸಿಡ್ ಬೇರೆ, ಡಬ್ಬಿ ಸರಿಯಾಗಿ ಓದಿಕೊಳ್ಳಿ.

ಎರಡನೆಯದು ಜಿಡ್ಡಿಗೆ: ಸುಮಾರು 10% ಐಸೊಪ್ರೊಪೈಲ್ ಆಲ್ಕೋಹಾಲ್. ನಿಮ್ಮ ಹತ್ತಿರ 70% ಇದ್ದರೆ 70 ಮಿಲಿಗೆ 430 ಮಿಲಿ ನೀರು. 99% ಇದ್ದರೆ 50 ಮಿಲಿಗೆ 450 ಮಿಲಿ. ಇದಕ್ಕಿಂತ ಗಟ್ಟಿ ಮಾಡಿದರೆ ಜಿಡ್ಡು ಹೆಚ್ಚು ಚೆನ್ನಾಗಿ ಹೋಗುತ್ತದೆ ಅಂದುಕೊಳ್ಳಬೇಡಿ. ಬೇಗ ಆರಿಬಿಡುತ್ತದೆ, ಬಟ್ಟೆಗೆ ಎತ್ತಿಕೊಳ್ಳಲು ಸಮಯ ಸಿಗುವುದಿಲ್ಲ. ಬೆಂಕಿ ಹತ್ತುವ ವಸ್ತು, ಬಾಗಿಲು ತೆರೆದಿಟ್ಟು ಕೆಲಸ ಮಾಡಿ, ಹತ್ತಿರ ಬೀಡಿ ಸಿಗರೇಟು ಬೇಡ. ಎರಡೂ ಬಾಟಲಿಗೆ ಹೆಸರು ಬರೆದಿಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಕಾರು ನೆರಳಿನಲ್ಲಿರಲಿ. ಮುಂಗೈಯ ಹಿಂಭಾಗ ಗಾಜಿಗೆ ತಾಗಿಸಿ ನೋಡಿ, ಬಿಸಿ ಅನಿಸಿದರೆ ಕಾಯಿರಿ. ಬಿಸಿ ಗಾಜಿನ ಮೇಲೆ ದ್ರಾವಣ ಒರೆಸುವ ಮೊದಲೇ ಆರಿ, ನೀವು ಹೇಳಿದ ಆ ಅರ್ಧಚಂದ್ರಗಳು ಮೂಡುವುದು ಹಾಗೆಯೇ. ಕಾರಿನ ಒಳಗೆ ಬೇರೆ ಏನೇನು ಒರೆಸುವುದಿದೆಯೋ ಅದೆಲ್ಲ ಮುಗಿಸಿ, ಕೊನೆಗೆ ಗಾಜಿಗೆ ಬನ್ನಿ. ಡ್ಯಾಶ್‌ಬೋರ್ಡ್ ಒರೆಸಿದ ಬಟ್ಟೆ ಗಾಜಿಗೆ ತಾಗಬಾರದು.

ಬಟ್ಟೆಯನ್ನು ಎರಡು ಸಲ ಮಡಿಸಿದರೆ 20×20 ಆಗಿ, ತಿರುಗಿಸಿ ಮಗುಚಿ ಒಟ್ಟು ಎಂಟು ಶುಭ್ರ ಮುಖ ಸಿಗುತ್ತವೆ. ಸ್ಪ್ರೇಯನ್ನು ಗಾಜಿಗೆ ಹೊಡೆಯಬೇಡಿ, ಬಟ್ಟೆಗೆ ಹೊಡೆಯಿರಿ, ಮೂರ್ನಾಲ್ಕು ಸಲ. ಗಾಜಿಗೆ ಹೊಡೆದದ್ದು ಕೆಳಗೆ ಹರಿದು ಪವರ್ ವಿಂಡೋ ಸ್ವಿಚ್ಚಿಗೂ ಸ್ಪೀಕರಿಗೂ ಇಳಿಯುತ್ತದೆ, ಫಿಲ್ಮಿನ ಕೆಳ ಅಂಚಿನಲ್ಲೂ ನಿಲ್ಲುತ್ತದೆ. ಬಟ್ಟೆ ಹಿಂಡಿದರೆ ಒಂದು ಹನಿಯೂ ಬೀಳಬಾರದು, ಮುಟ್ಟಿದರೆ ತಣ್ಣಗಿರಬೇಕು, ಅಷ್ಟು ತೇವ ಸಾಕು.

ಮೊದಲ ಸುತ್ತು ಶಾಂಪೂ ನೀರಿನದ್ದು, ಭಾರ ಹಾಕದೆ. ಇದು ಧೂಳು ಎತ್ತುವ ಸುತ್ತು. ಮೇಲಿನಿಂದ ಕೆಳಕ್ಕೆ ಒಂದು ಎಳೆತ, ಮುಖ ಬದಲಿಸಿ, ಪಕ್ಕದ ಸಾಲಿಗೆ ಇನ್ನೊಂದು. ಹಿಂದಕ್ಕೆ ಮುಂದಕ್ಕೆ ಉಜ್ಜಬೇಡಿ, ದುಂಡಗೆ ಸುತ್ತಿಸಲೂಬೇಡಿ; ಬಟ್ಟೆಗೆ ಹತ್ತಿದ ಕಣ ಅದೇ ಜಾಗದಲ್ಲಿ ಸುತ್ತುತ್ತದೆ. ಒಣ ಬಟ್ಟೆಯಿಂದ ಧೂಳು ಹೊಡೆಯುವುದೂ ತಪ್ಪು. ಕಣ ಉಜ್ಜುವುದಲ್ಲದೆ, ಪಾಲಿಯೆಸ್ಟರ್ ಒಣಗಿದ್ದಾಗ ಉಜ್ಜಿದರೆ ಸ್ಥಿರ ವಿದ್ಯುತ್ ಹುಟ್ಟಿ, ಐದು ನಿಮಿಷದಲ್ಲಿ ಸುತ್ತಲಿನ ಧೂಳೆಲ್ಲ ಮತ್ತೆ ಬಂದು ಕೂರುತ್ತದೆ.

ಎರಡನೇ ಸುತ್ತಿಗೆ ಗ್ಲಾಸನ್ನು 2-3 ಸೆಂಟಿಮೀಟರ್ ಇಳಿಸಿ. ಮೇಲಂಚಿನಲ್ಲಿ ಬೀಡಿಂಗ್ (ಗಾಜಿನ ಅಂಚು ಹಿಡಿಯುವ ರಬ್ಬರ್ ಪಟ್ಟಿ) ಒಳಗೆ ಸೇರಿಕೊಳ್ಳುವ ಭಾಗದಲ್ಲಿ ಕಂದು ಬಣ್ಣದ ಒಂದು ಜಿಡ್ಡಿನ ಗೆರೆ ಇರುತ್ತದೆ, ಎಲ್ಲರೂ ಬಿಡುವುದು ಅದನ್ನೇ. ಒರೆಸುವ ದಿಕ್ಕು ಫಿಲ್ಮಿನ ನಡುವಿನಿಂದ ಅಂಚಿನ ಕಡೆಗೆ. ಅಂಚಿನಿಂದ ಒಳಕ್ಕೆ ಎಳೆದರೆ ಬಟ್ಟೆಯ ಎಳೆ ಹಾಳೆಯ ತುದಿಗೆ ಸಿಕ್ಕಿ ಏಳಿಸಿಬಿಡುತ್ತದೆ. ಆಮೇಲೆ ಗ್ಲಾಸ್ ಪೂರ್ತಿ ಏರಿಸಿ, ಆಲ್ಕೋಹಾಲ್ ದ್ರಾವಣ ಸಿಂಪಡಿಸಿದ ಇನ್ನೊಂದು ಬಟ್ಟೆಯಿಂದ ಅಡ್ಡಡ್ಡಲಾಗಿ, ಸಾಲಿನ ಮೇಲೆ ಸಾಲು ಸ್ವಲ್ಪ ಹತ್ತುವಂತೆ ಒರೆಸಿ. ಜಿಡ್ಡು ಬಹಳ ಇದ್ದರೆ ಮುಖ ಬದಲಿಸಿ ಇನ್ನೊಮ್ಮೆ.

ತೇವ ಆರುವ ಮೊದಲೇ ಮೂರನೇ ಬಟ್ಟೆ, ಒಣಗಿದ್ದು. ಹಗುರವಾಗಿ. ಒಂದು ಗಾಜು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ, ನಾಲ್ಕಕ್ಕೂ ತೇವ ಹಚ್ಚಿ ಆಮೇಲೆ ಒಣಗಿಸುತ್ತೇನೆ ಅನ್ನಬೇಡಿ.

ಹೊರಗಡೆ ಗಾಜನ್ನು ಉದ್ದುದ್ದ ಒರೆಸಿ, ಒಳಗಡೆ ಅಡ್ಡಡ್ಡ. ಆಮೇಲೆ ಗೆರೆ ಕಂಡರೆ ಅದು ಯಾವ ಮೈಯದ್ದು ಅಂತ ದಿಕ್ಕೇ ಹೇಳುತ್ತದೆ. ಪರೀಕ್ಷೆಗೆ ಮೊಬೈಲ್ ಟಾರ್ಚನ್ನು ಗಾಜಿಗೆ ಬಹುಮಟ್ಟಿಗೆ ಸಮಾನಾಂತರವಾಗಿ ಓರೆ ಹಿಡಿದು ನೋಡಿ. ನೇರ ಬಿಟ್ಟರೆ ಏನೂ ಕಾಣುವುದಿಲ್ಲ, ಓರೆ ಬೆಳಕಿಗೆ ಎಲ್ಲ ಬಯಲು.

ಅಡುಗೆಮನೆ_ಪಕ್ಷ

ಇಷ್ಟೆಲ್ಲ ಯಾಕೆ ಸರ್? ಬಿಳಿ ವಿನೆಗರ್ ಅರ್ಧ, ನೀರು ಅರ್ಧ. ಅಮೋನಿಯಾ ಇಲ್ಲ, ಜಿಡ್ಡೂ ಹೋಗುತ್ತೆ.

ಪಿಎಚ್_7

ವಿನೆಗರ್ ಫಿಲ್ಮಿಗೆ ಶತ್ರುವಲ್ಲ, ಆದರೆ ಅರ್ಧಕ್ಕರ್ಧ ಬೇಕಿಲ್ಲ. ಅದು ಆಮ್ಲ, ಚೆನ್ನಾಗಿ ಕೆಲಸ ಮಾಡುವುದು ಸುಣ್ಣದ ಕಲೆಯ ಮೇಲೆ. ಮಳೆಯಲ್ಲಿ ಗ್ಲಾಸ್ ಇಳಿಸಿಟ್ಟು ನೀರು ಸಿಡಿದು ಆರಿದ ಕಲೆ, ಮಕ್ಕಳು ಚೆಲ್ಲಿದ ನೀರಿನ ಗುರುತು, ಇಂಥದ್ದಕ್ಕೆ ಸರಿ. ಪ್ಲಾಸ್ಟಿಕ್ಕಿನಿಂದ ಬಂದ ಎಣ್ಣೆ ಜಿಡ್ಡಿಗೆ ಆಲ್ಕೋಹಾಲ್ ಅಥವಾ ಶಾಂಪೂವಿನ ಮುಂದೆ ಅದು ಸಪ್ಪೆ. ಕಲೆಗೆ ಬಳಸುವುದಾದರೆ ಒಂದು ಪಾಲು ವಿನೆಗರಿಗೆ ಹತ್ತು ಪಾಲು ನೀರು, ಕಲೆಯ ಮೇಲೆ ಅರ್ಧ ನಿಮಿಷ ತೇವದ ಬಟ್ಟೆ ಒತ್ತಿ ಹಿಡಿದು, ಬರೀ ನೀರಿನ ಬಟ್ಟೆಯಿಂದ ಒರೆಸಿಬಿಡಿ. ಲೋಹದ ಪದರವಿರುವ ಫಿಲ್ಮಿನ ಅಂಚಿನಲ್ಲಿ ಆಮ್ಲ ನಿಲ್ಲಲು ಬಿಡಬೇಡಿ, ಲೋಹ ತುಕ್ಕು ಹಿಡಿಯುವುದು ಶುರುವಾಗುವುದು ಅಂಚಿನಿಂದಲೇ.

ಸೋಪಿನ ನೀರಿಗೆ ವಿನೆಗರ್ ಸೇರಿಸಿ ಎರಡರ ಲಾಭವೂ ಪಡೆಯುತ್ತೇನೆ ಅನ್ನುವವರಿಗೆ ಒಂದು ಮಾತು. ನಿಜವಾದ ಸೋಪಾದರೆ ಆಮ್ಲ ತಾಗಿದ ಕೂಡಲೇ ಒಡೆದು ಕೊಬ್ಬು ಬೇರೆಯಾಗಿ, ಗಾಜಿನ ಮೇಲೆ ಮೊಸರಿನಂಥ ಜಿಡ್ಡು ಉಳಿಯುತ್ತದೆ. ಇದಕ್ಕಿಂತ ಮುಖ್ಯ: ಬ್ಲೀಚ್ ಇರುವ ಯಾವುದರ ಜೊತೆಗೂ ವಿನೆಗರ್ ಬೆರೆಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಬ್ಲೀಚಿಗೆ ಅಮೋನಿಯಾ ಸೇರಿದರೆ ಕ್ಲೋರಮೈನ್. ಎರಡೂ ಶ್ವಾಸಕೋಶ ಸುಡುವಂಥವು, ಅದೂ ಕಾರಿನಂಥ ಸಣ್ಣ ಜಾಗದಲ್ಲಿ. ಹಿಂದೆ ಬೇರೇನೋ ಇದ್ದ ಸ್ಪ್ರೇ ಬಾಟಲಿಯನ್ನು ತೊಳೆಯದೆ ತುಂಬುವುದು ಇದಕ್ಕೇ ಬೇಡ.

ಪಾರ್ಸೆಲ್_ಟ್ರೇ

ಹಿಂದಿನ ಗಾಜಿನ ಬಗ್ಗೆ ಯಾರೂ ಹೇಳಲಿಲ್ಲ.

ಆ ಕಂದು ಡಿಫಾಗರ್ ಗೆರೆಗಳು ತಂತಿಯಲ್ಲ. ಬೆಳ್ಳಿ ಬೆರೆಸಿದ ಲೇಪವನ್ನು ಗಾಜಿನ ಒಳಮೈ ಮೇಲೆ ಅಚ್ಚು ಹಾಕಿ ಕಾಯಿಸಿರುತ್ತಾರೆ. ನಿಮ್ಮ ಫಿಲ್ಮ್ ಅದರ ಮೇಲೆ ಕೂತಿದೆ. ಹಾಗಾಗಿ ಗೆರೆಗೆ ನೇರವಾಗಿ ಏನೂ ತಾಗುವುದಿಲ್ಲ, ಆದರೆ ಪ್ರತಿ ಗೆರೆಯ ಮೇಲೂ ಫಿಲ್ಮ್ ಸ್ವಲ್ಪ ಉಬ್ಬಿರುತ್ತದೆ, ಉಜ್ಜಿದಾಗ ಮೊದಲು ಸವೆಯುವುದು ಆ ಉಬ್ಬು. ಒರೆಸುವುದು ಗೆರೆಯ ಉದ್ದಕ್ಕೇ, ಎಡದಿಂದ ಬಲಕ್ಕೆ. ಬೆರಳ ತುದಿಯಿಂದ ಒತ್ತದೆ ಅಂಗೈ ಚಪ್ಪಟೆ ಇಟ್ಟು. ಉಂಗುರ, ವಾಚು ತೆಗೆದಿಡಿ. ಡಿಫಾಗರ್ ಆಫ್ ಆಗಿ ಗಾಜು ತಣ್ಣಗಾಗಿರಲಿ. ಎರಡೂ ಪಕ್ಕದಲ್ಲಿ ವೈರ್ ಬಂದು ಸೇರುವ ಸಣ್ಣ ತಗಡಿನ ಕಿವಿಗಳಿರುತ್ತವೆ, ಬೆಸುಗೆ ಹಾಕಿದ್ದು. ಬಟ್ಟೆ ಅದಕ್ಕೆ ಸಿಕ್ಕಿ ಎಳೆದರೆ ಕಿತ್ತು ಬರುತ್ತದೆ, ಆಮೇಲೆ ಡಿಫಾಗರ್ ಕೆಲಸ ಮಾಡುವುದಿಲ್ಲ. ಆ ಕಿವಿಯ ಸುತ್ತ ಎರಡು ಬೆರಳಷ್ಟು ಜಾಗ ಬಿಟ್ಟುಬಿಡಿ. ಕೆಲವು ಕಾರುಗಳಲ್ಲಿ ಮೇಲ್ಭಾಗದ ಗೆರೆಗಳು ರೇಡಿಯೋ ಆಂಟೆನಾ, ಅವಕ್ಕೂ ಇದೇ ಮಾತು.

ಗಾಜು ಇಳಿಜಾರಾಗಿ ಬಂದು, ಹಿಂದಿನ ಸೀಟಿನ ಬೆನ್ನ ಹಿಂದಿರುವ ಪಾರ್ಸೆಲ್ ಟ್ರೇ ಸೇರುವ ಮೂಲೆಗೆ ಕೈ ಹೋಗುವುದಿಲ್ಲ ಅನ್ನುವುದು ಎಲ್ಲರ ಗೋಳು. ಹೆಡ್‌ರೆಸ್ಟ್ ಕಿತ್ತಿಡಿ. ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಬಟ್ಟೆಯನ್ನು ಬೆರಳುಗಳ ಹಿಂಭಾಗಕ್ಕೆ ಹೊದಿಸಿ, ಅಂಗೈ ಟ್ರೇ ಕಡೆಗೆ, ಉಗುರು ಗಾಜಿನ ಕಡೆಗೆ ಇರುವಂತೆ ತೂರಿಸಿ. ಅಂಗೈ ಮೇಲೆ ಮಾಡಿ ತೂರಿಸಿದರೆ ಮಣಿಕಟ್ಟು ತಡೆಯುತ್ತದೆ, ಹೀಗೆ ಮಾಡಿದರೆ ಕೊನೆಯ ತನಕ ಹೋಗುತ್ತದೆ. ಬಟ್ಟೆ ಎರಡು ಪದರ ಇರಲಿ, ಉಗುರು ಚುಚ್ಚಬಾರದು. ಉದ್ದ ಹಿಡಿಯ ತ್ರಿಕೋನ ಪ್ಯಾಡು ಸಿಗುತ್ತದೆ, ಅದೂ ಆಗಬಹುದು, ಆದರೆ ಅದರ ಗಟ್ಟಿ ಪ್ಲಾಸ್ಟಿಕ್ ಮೂಲೆಯ ಮೇಲೆ ಬಟ್ಟೆ ಸರಿದಿಲ್ಲ ಅಂತ ಆಗಾಗ ನೋಡಿಕೊಳ್ಳಿ.

ನಿಮ್ಮ ಬಿಳಿ ಪಟ್ಟಿ ಕೊಳೆಯಲ್ಲ, ಗಾಳಿ. ಗಾಜಿನ ಅಂಚಿನಲ್ಲಿ ಕಪ್ಪು ಪಟ್ಟಿ, ಅದರ ಕೆಳಗೆ ಕಪ್ಪು ಚುಕ್ಕೆಗಳ ಸಾಲು ಕಾಣುತ್ತದಲ್ಲ, ಅದು ಸುಟ್ಟು ಕೂರಿಸಿದ ಸೆರಾಮಿಕ್ ಬಣ್ಣ. ಚುಕ್ಕೆ ಗಾಜಿಗಿಂತ ಸ್ವಲ್ಪ ಎತ್ತರ. ಫಿಲ್ಮ್ ಚುಕ್ಕೆಯಿಂದ ಚುಕ್ಕೆಗೆ ಚಪ್ಪರದಂತೆ ನಿಂತು, ನಡುವಿನ ಗಾಜಿಗೆ ಅಂಟದೆ ಗಾಳಿ ಉಳಿಯುತ್ತದೆ, ಅದು ಬೆಳ್ಳಗೆ ಕಾಣುತ್ತದೆ. ಒರೆಸಿ ತೆಗೆಯುವಂಥದ್ದಲ್ಲ. ಕಾರ್ಡಿನಿಂದ ಒತ್ತಿ ಕೂರಿಸಲು ಹೋಗಬೇಡಿ, ಚುಕ್ಕೆಯ ಮೇಲೆ ಫಿಲ್ಮ್ ಹರಿಯುತ್ತದೆ.

ಇದೇ ಥರ ಕೊಳೆಯಲ್ಲದ ಇನ್ನೆರಡು. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನೋಡಿದರೆ ಗಾಜಿನಲ್ಲಿ ಚುಕ್ಕೆ ಚುಕ್ಕೆ ಅಥವಾ ಪಟ್ಟೆ ಕಾಣುತ್ತದೆ, ಅದು ಗಾಜನ್ನು ಕಾಯಿಸಿ ತಟ್ಟನೆ ತಣಿಸಿದಾಗ ಒಳಗೆ ಉಳಿದ ಒತ್ತಡ. ಟ್ಯೂಬ್‌ಲೈಟಿನ ಕೆಳಗೆ ಕೆಲವು ಫಿಲ್ಮುಗಳ ಮೈಮೇಲೆ ಎಣ್ಣೆ ಚೆಲ್ಲಿದಂತೆ ಕಾಮನಬಿಲ್ಲು ಕಂಡರೆ ಅದು ಹಾರ್ಡ್ ಕೋಟಿನ ಗುಣ. ಬಿಸಿಲಲ್ಲಿ ನಿಂತು ನೋಡಿ, ಅಲ್ಲೂ ಕಂಡರೆ ಮಾತ್ರ ಜಿಡ್ಡು ಅಥವಾ ಶಾಂಪೂ ಉಳಿಕೆ ಅಂತ ಅನುಮಾನಿಸಿ.

ಹಿಂಬದಿ_ಸೀಟು

ಬಿಳಿ ಪಟ್ಟಿ ಸರಿಯಾಗಿ ಹೇಳಿದಿರಿ, ಚುಕ್ಕೆಗಳ ಮೇಲೇ ಇದೆ. ಇನ್ನೂ ಕೆಲವು ಇವೆ. ಡ್ರೈವರ್ ಕಡೆ ಗಾಜಿನಲ್ಲಿ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಸಣ್ಣ ಗೆರೆಗಳು, ಪ್ರತಿ ಸಲ ಅದೇ ಜಾಗ. ಎಡಗಡೆ ಹಿಂದಿನ ಗಾಜಿನಲ್ಲಿ ಹಳೇ ಸ್ಟಿಕ್ಕರ್ ಕಿತ್ತ ಅಂಟು. ಒಂದು ಬಾಗಿಲಿನ ಗಾಜಿನ ಮೂಲೆಯಲ್ಲಿ ಫಿಲ್ಮ್ ಸ್ವಲ್ಪ ಎದ್ದಿದೆ, ಅದೇ ಗಾಜು ನೇರಳೆಗೆ ತಿರುಗಿದ ಹಾಗೆ ಕಾಣುತ್ತೆ.

ಫಿಲ್ಮ್_ಕೈ

ನೇರಳೆಯದ್ದು ಮೊದಲು, ಯಾಕೆಂದರೆ ಅಲ್ಲಿ ಶ್ರಮ ಹಾಕುವುದು ವ್ಯರ್ಥ. ಬಣ್ಣದ ಫಿಲ್ಮಿನ ಬಣ್ಣ ಬಿಸಿಲಿಗೆ ಒಡೆದು ನೇರಳೆಯಾಗುತ್ತದೆ. ತೊಳೆದು ವಾಪಸ್ ತರಲಾಗುವುದಿಲ್ಲ. ಅದೇ ಗಾಜಿನ ಮೂಲೆ ಏಳುತ್ತಿದೆ ಅಂದರೆ ಅಂಟಿಗೂ ವಯಸ್ಸಾಗಿದೆ. ಆ ಗಾಜಿಗೆ ಹೊಸ ಫಿಲ್ಮ್ ಬೇಕು. ಅಲ್ಲಿಯ ತನಕ ಎದ್ದ ಮೂಲೆಗೆ ಬಟ್ಟೆ ತಾಗಿಸಬೇಡಿ. ಸೂಪರ್ ಗ್ಲೂ ಹಾಕಿದರೆ ಸುತ್ತಲೂ ಬೆಳ್ಳಗಾಗುತ್ತದೆ, ಕೀಳುವಾಗ ಇನ್ನಷ್ಟು ಕಷ್ಟ. ಕೀಳಿಸುವಾಗ ಅದು ಬಾಗಿಲಿನ ಗಾಜಾದ್ದರಿಂದ ಚಿಂತೆಯಿಲ್ಲ. ಹಿಂದಿನ ದೊಡ್ಡ ಗಾಜಾಗಿದ್ದರೆ ಬ್ಲೇಡು ಬಳಸದೆ ಹಬೆ ಕೊಟ್ಟು ನಿಧಾನ ಕೀಳಿ ಅಂತ ಹೇಳಬೇಕಾಗುತ್ತಿತ್ತು, ಬ್ಲೇಡಿಗೆ ಡಿಫಾಗರ್ ಗೆರೆ ಉಳಿಯುವುದಿಲ್ಲ.

ಹೊಸ ಫಿಲ್ಮಿನಲ್ಲಿ ಮುಂದೆ ಗುಳ್ಳೆ ಕಂಡರೆ ಹೀಗೆ ನೋಡಿ: ನಡುವೆ ಕಣ ಇಲ್ಲದ ಗುಳ್ಳೆ ನೀರಿನದ್ದು, ಆರುತ್ತದೆ. ನಡುವೆ ಸೂಜಿಮೊನೆಯಂಥ ಕಪ್ಪು ಚುಕ್ಕೆ ಇದ್ದರೆ ಧೂಳು ಸಿಕ್ಕಿದೆ, ಅದು ಹಾಗೇ ಉಳಿಯುತ್ತದೆ.

ನೆಟ್ಟಗಿನ ಗೆರೆಗಳು ಬೀಡಿಂಗಿನ ಕೆಲಸ. ಗಾಜು ಬಾಗಿಲಿನೊಳಗೆ ಇಳಿಯುವ ಬಾಯಲ್ಲಿ ಎರಡೂ ಕಡೆ ಮಖಮಲ್ಲಿನಂಥ ಪಟ್ಟಿ ಇರುತ್ತದೆ. ಅದರಲ್ಲಿ ಮರಳಿನ ಒಂದು ಕಣ ಕೂತರೆ ಸಾಕು, ಗ್ಲಾಸ್ ಇಳಿಸಿ ಏರಿಸಿದಾಗೆಲ್ಲ ಒಂದೇ ಜಾಗದಲ್ಲಿ ಗೀರುತ್ತದೆ. ಗೀರೋ ಕೊಳೆಯೋ ಅಂತ ತಿಳಿಯಲು ಬೆರಳಿಂದ ನೀರು ಹಚ್ಚಿ. ತೇವದಲ್ಲಿ ಮಾಯವಾಗಿ, ಆರಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಮೂಡಿದರೆ ಗೀರು. ಬಿದ್ದ ಗೀರಿಗೆ ಮದ್ದಿಲ್ಲ, ಹೊಸದು ಬೀಳದ ಹಾಗೆ ಮಾಡಬಹುದು.

ಗ್ಲಾಸ್ ಪೂರ್ತಿ ಇಳಿಸಿ. ವ್ಯಾಕ್ಯೂಮ್ ಕ್ಲೀನರಿನ ಚಪ್ಪಟೆ ಮೂತಿಯಿಂದ ಆ ಬಾಯಿಯ ಉದ್ದಕ್ಕೂ ಎಳೆಯಿರಿ, ಮೆತ್ತನೆ ಹಳೇ ಟೂತ್‌ಬ್ರಷ್‌ನಲ್ಲಿ ಪಟ್ಟಿಯನ್ನು ಬಿಡಿಸುತ್ತಾ. ಆಮೇಲೆ ಪ್ಲಾಸ್ಟಿಕ್ ಕಾರ್ಡಿಗೆ ತೇವದ ಮೈಕ್ರೋಫೈಬರ್ ಸುತ್ತಿ, ಪಟ್ಟಿಯ ಒಳಮೈ ಉದ್ದಕ್ಕೂ ಒಂದೇ ದಿಕ್ಕಿಗೆ ಎಳೆದು ತೆಗೆಯಿರಿ. ಬಟ್ಟೆಯ ಮೇಲೆ ಕಪ್ಪು ಗೆರೆ ಬರುವುದು ನಿಲ್ಲುವ ತನಕ. ಎರಡೂ ಪಕ್ಕದಲ್ಲಿ ಗಾಜು ಜಾರುವ ಕಾಲುವೆಗೂ ಅದೇ ಉಪಚಾರ. ಗ್ಲಾಸ್ ಗಟ್ಟಿ ಓಡುತ್ತದೆ ಅಂತ ಅಲ್ಲಿ ಎಣ್ಣೆ ಸ್ಪ್ರೇ ಹೊಡೆಯಬೇಡಿ. ಎಣ್ಣೆ ಧೂಳು ಹಿಡಿಯುತ್ತದೆ, ಮುಂದಿನ ಸಲ ಗ್ಲಾಸ್ ಏರಿಸಿದಾಗ ಫಿಲ್ಮಿನ ಮೇಲೆ ಜಿಡ್ಡಿನ ಪಟ್ಟೆ ಬಳಿಯುತ್ತದೆ. ಧೂಳಿನ ರಸ್ತೆಯಲ್ಲಿ ಓಡಾಡಿ ಬಂದ ದಿನ, ಈ ಕೆಲಸಕ್ಕೆಂದು ಒಮ್ಮೆ ಇಳಿಸುವುದು ಬಿಟ್ಟರೆ, ಇದು ಮುಗಿಯುವ ತನಕ ಗ್ಲಾಸ್ ಇಳಿಸಿ ಏರಿಸುವುದೇ ಬೇಡ.

ಅಂಟಿನ ಬಗ್ಗೆ ನಾಲ್ಕು ಮಡಿಕೆಯವರು ಹೇಳಲಿ.

ನಾಲ್ಕು_ಮಡಿಕೆ

ಥಿನ್ನರ್, ಪೆಟ್ರೋಲ್, ಅಸಿಟೋನ್, ಉಗುರುಬಣ್ಣ ತೆಗೆಯುವ ದ್ರವ ಇವುಗಳಿಗೆ ಅಂಟು ಎರಡು ಸೆಕೆಂಡಿನಲ್ಲಿ ಬರುತ್ತದೆ, ಹಾರ್ಡ್ ಕೋಟ್ ಕೂಡ ಜೊತೆಗೆ ಹೋಗಬಹುದು. ಕಿತ್ತಳೆ ಎಣ್ಣೆಯ ಅಂಟು ನಿವಾರಕಗಳನ್ನೂ ಫಿಲ್ಮಿನ ಮೇಲೆ ನಿಲ್ಲಲು ಬಿಡಬಾರದು.

ಉಗುರುಬೆಚ್ಚಗಿನ ಶಾಂಪೂ ನೀರಿನಲ್ಲಿ ಟಿಶ್ಯೂ ನೆನೆಸಿ, ಅಂಟಿನ ಮೇಲೆ ಹಚ್ಚಿ, ಆರದ ಹಾಗೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ. 10ರಿಂದ 15 ನಿಮಿಷ. ಆಮೇಲೆ ಹೆಬ್ಬೆರಳಿನ ಮೆತ್ತನೆ ಭಾಗದಿಂದ ಒಂದೇ ಕಡೆಗೆ ಉರುಳಿಸಿ, ರಬ್ಬರಿನಿಂದ ಅಳಿಸಿದ ಪುಡಿಯಂತೆ ಸುರುಳಿ ಸುರುಳಿಯಾಗಿ ಬರುತ್ತದೆ. ಉಗುರು ಹಾಕಬೇಡಿ. ಜಾಸ್ತಿ ಉಳಿದರೆ ಇನ್ನೊಮ್ಮೆ ನೆನೆಸಿ, ಅವಸರ ಬೇಡ. ಕೊನೆಗೆ ಉಳಿಯುವ ಜಿಗುಟಿಗೆ ಬಟ್ಟೆಯ ಮೂಲೆಗೆ 70% ಐಸೊಪ್ರೊಪೈಲ್ ಹಾಕಿ ಕೆಲವು ಸೆಕೆಂಡು ಒರೆಸಿ, ಕೂಡಲೇ ನೀರಿನ ಬಟ್ಟೆಯಿಂದ ಒರೆಸಿಬಿಡಿ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿಕೊಂಡು. ಬಟ್ಟೆಗೆ ಕಪ್ಪೋ ನೇರಳೆಯೋ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ನಿಮ್ಮ ವಿಷಯದಲ್ಲಿ, ಆ ಅಂಟು ಇರುವುದು ನೇರಳೆಯಾದ ಗಾಜಿನ ಮೇಲೇ ಆಗಿದ್ದರೆ ಇಷ್ಟೆಲ್ಲ ಮಾಡಬೇಡಿ, ಫಿಲ್ಮ್ ಜೊತೆ ಅದೂ ಹೋಗುತ್ತದೆ.

ಅಡುಗೆಮನೆ_ಪಕ್ಷ

ಆ ಬಿಳಿ ಮ್ಯಾಜಿಕ್ ಸ್ಪಂಜ್ ಸಿಗುತ್ತಲ್ಲ, ನೀರು ಮುಟ್ಟಿಸಿ ಉಜ್ಜಿದರೆ ಗೋಡೆಯ ಕಲೆಯೇ ಹೋಗುತ್ತೆ. ಅಂಟಿಗೆ ಅದು?

ನಾಲ್ಕು_ಮಡಿಕೆ

ಬೇಡ. ಕೈಗೆ ಬೆಣ್ಣೆಯಂತಿದ್ದರೂ ಅದು ಮೆಲಮೈನ್ ನೊರೆ, ಅತಿ ಸಣ್ಣ ಉಪ್ಪುಕಾಗದ ಅಂದುಕೊಳ್ಳಿ. ಗೋಡೆಯ ಕಲೆ ಹೋಗುವುದು ಬಣ್ಣದ ಮೇಲ್ಪದರ ತಿಂದುಕೊಂಡೇ. ಫಿಲ್ಮಿನ ಮೇಲೆ ಅಂಟು ಹೋದ ಜಾಗ ಮಾತ್ರ ಮಂಕಾಗಿ, ಸ್ಟಿಕ್ಕರಿನ ಆಕಾರ ಅಲ್ಲಿ ಕಾಯಂ ಉಳಿಯುತ್ತದೆ.